ಗಾಜಿನ ಬುರುಡೆಗೆ ತೆತ್ತ ದುಡ್ಡು

1935ರಲ್ಲಿ ಇಂಗ್ಲೆಂಡಿನಲ್ಲಿ ನೂರು ಪೌಂಡ್ ಕೊಟ್ಟರೆ ಹೊಸ ಫೋರ್ಡ್ ಕಾರು ಸಿಗುತ್ತಿತ್ತು. ಚಿಕ್ಕದೇ, ಆದರೂ ಕಾರು. ಮರುವರ್ಷ ನವೆಂಬರ್ 2ರಂದು ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಟಿವಿ ಪ್ರಸಾರ ಶುರು ಮಾಡಿತು. ಆಗ ಅಂಗಡಿಗೆ ಬಂದ ಒಳ್ಳೆಯ ಟಿವಿ ಸೆಟ್ಟಿನ ಬೆಲೆಯೂ ಹೆಚ್ಚೂಕಡಿಮೆ ಅಷ್ಟೇ, ನೂರು ಪೌಂಡಿನ ಆಸುಪಾಸು. ಒಂದು ಕಡೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸುತ್ತುವ ಕಾರು. ಇನ್ನೊಂದು ಕಡೆ ದಿನಕ್ಕೆ ಎರಡು ಗಂಟೆ ಮಾತ್ರ ಚಿತ್ರ ತೋರಿಸುವ, ಭಾನುವಾರ ಅದೂ ಇಲ್ಲದ, ಲಂಡನ್ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬಾರದ ಮರದ ಪೆಟ್ಟಿಗೆ. ಯಾರು ಕೊಳ್ಳುತ್ತಾರೆ ಹೇಳಿ? ಆದರೂ ಕೊಂಡರು. 1939ರ ಸೆಪ್ಟೆಂಬರ್ 1ರಂದು ಯುದ್ಧದ ಕಾರಣಕ್ಕೆ ಪ್ರಸಾರ ನಿಲ್ಲಿಸುವ ಹೊತ್ತಿಗೆ ಅಲ್ಲಿ ಸುಮಾರು 20,000 ಸೆಟ್‌ಗಳಿದ್ದವು.

ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ಅಷ್ಟು ದುಡ್ಡು ಯಾತಕ್ಕೆ? ಮರಕ್ಕಾ? ತಂತಿಗಾ? ಬ್ರಾಂಡ್ ಹೆಸರಿಗಾ?

ಹಳೇ ಟಿವಿಗಳ ಬಗ್ಗೆ ಓದುತ್ತಾ, ಕೆಲವನ್ನು ಬಿಚ್ಚಿ ನೋಡುತ್ತಾ ನನಗೆ ಅನ್ನಿಸಿದ್ದು ಹೀಗೆ. ಚಿತ್ರವನ್ನು ದೂರದಿಂದ ಮನೆಗೆ ತರುವುದರಲ್ಲಿ ಒಂದಿಷ್ಟು ಕಷ್ಟದ ಕೆಲಸ ಇದ್ದೇ ಇದೆ. ಅದನ್ನು ಯಾರಾದರೂ ಹೊರಲೇಬೇಕು. ಕಳಿಸುವವರು ಹೊತ್ತರೆ ಸೆಟ್ಟು ಅಗ್ಗ. ಮನೆಯಲ್ಲಿರುವ ಪೆಟ್ಟಿಗೆ ಹೊತ್ತರೆ ದುಬಾರಿ. ಟಿವಿ ಬೆಲೆ ಇಳಿದ ಕತೆ ಅಂದರೆ ಆ ಭಾರ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ದಾಟಿದ ಕತೆ.

ಮೊದಲಿಗೆ ಜಾನ್ ಲೋಗಿ ಬೇರ್ಡ್. ಸ್ಕಾಟ್ಲೆಂಡಿನ ಮನುಷ್ಯ. 1926ರ ಜನವರಿ 26ರಂದು ಲಂಡನ್ನಿನ ಸೋಹೋದಲ್ಲಿ, ಫ್ರಿತ್ ಸ್ಟ್ರೀಟಿನ ಮಹಡಿಯ ಕೋಣೆಯಲ್ಲಿ ಕೆಲವರನ್ನು ಕರೆದು ಟಿವಿ ತೋರಿಸಿದ. ಅದರಲ್ಲಿ ಪಿಕ್ಚರ್ ಟ್ಯೂಬ್ ಇರಲಿಲ್ಲ. ಇದ್ದದ್ದು ತಿರುಗುವ ತಟ್ಟೆ. ಅದರಲ್ಲಿ ಸುರುಳಿಯಾಗಿ ಕೊರೆದ 30 ತೂತು. ಹಿಂದೆ ಒಂದು ನಿಯಾನ್ ದೀಪ. ತಟ್ಟೆ ತಿರುಗಿದಾಗ ಒಂದೊಂದು ತೂತೂ ಚಿತ್ರದ ಒಂದೊಂದು ಗೆರೆ ಎಳೆಯುತ್ತಾ ಹೋಗುತ್ತದೆ, ಸಿಗ್ನಲ್‌ಗೆ ತಕ್ಕಂತೆ ದೀಪ ಹೆಚ್ಚು ಕಡಿಮೆ ಉರಿಯುತ್ತದೆ, ಕಣ್ಣು ಅದನ್ನೆಲ್ಲ ಕೂಡಿಸಿಕೊಂಡು ಮುಖ ಅಂತ ಓದಿಕೊಳ್ಳುತ್ತದೆ. 30 ಗೆರೆ, ಆಮೇಲೆ ಪ್ರಸಾರ ಶುರುವಾದಾಗ ಸೆಕೆಂಡಿಗೆ ಹನ್ನೆರಡೂವರೆ ಚಿತ್ರ. ಬೆಂಕಿಪೊಟ್ಟಣದಷ್ಟು ಪುಟ್ಟ, ಕಿತ್ತಳೆ ಬಣ್ಣದ, ಸದಾ ನಡುಗುವ ಚಿತ್ರ. 1930ರಲ್ಲಿ ಪ್ಲೆಸ್ಸಿ ಕಂಪನಿ ಇದನ್ನು 'ಟೆಲಿವೈಸರ್' ಅಂತ ತಯಾರಿಸಿಕೊಟ್ಟಿತು. ಬೆಲೆ ಸುಮಾರು 26 ಪೌಂಡ್. ಮಾರಾಟವಾದದ್ದು ಸುಮಾರು ಸಾವಿರ.

ಒಳಗೆ ಇದ್ದದ್ದು ಒಂದು ಮೋಟಾರು, ಒಂದು ತಗಡಿನ ತಟ್ಟೆ, ಒಂದು ದೀಪ. ಅಗ್ಗದ ಸಾಮಾನೇ. ಆದರೆ ತೊಂದರೆ ಬೇರೆ ಕಡೆ ಇತ್ತು. ಕಳಿಸುವವರ ತಟ್ಟೆಯೂ ನೋಡುವವರ ತಟ್ಟೆಯೂ ಒಂದೇ ವೇಗದಲ್ಲಿ, ನಿಮಿಷಕ್ಕೆ 750 ಸುತ್ತು, ಒಂದಕ್ಕೊಂದು ಹೊಂದಿಕೊಂಡೇ ತಿರುಗಬೇಕು. ಸ್ವಲ್ಪ ಹಿಂದೆ ಬಿದ್ದರೂ ಚಿತ್ರ ಜಾರುತ್ತದೆ. ಹಾಗಾಗಿ ನೋಡುವವನು ಗುಂಡಿ ಹಿಡಿದುಕೊಂಡೇ ಕೂರಬೇಕು. ಸೆಟ್ಟು ಕೊಂಡವನೇ ಅರ್ಧ ಮೆಕ್ಯಾನಿಕ್ ಆಗಬೇಕು. ಮತ್ತೆ ಗೆರೆ ಜಾಸ್ತಿ ಮಾಡೋಣ ಅಂದರೆ ತಟ್ಟೆ ದೊಡ್ಡದಾಗುತ್ತದೆ, ತೂತು ಚಿಕ್ಕದಾಗುತ್ತದೆ, ಬೆಳಕು ಸಾಲುವುದಿಲ್ಲ. ಚಕ್ರ ತಿರುಗಿಸಿ ಚಿತ್ರ ಮಾಡುವ ಹಾದಿ ಅಲ್ಲಿಗೆ ಮುಗಿಯಿತು. ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಬೇರ್ಡ್‌ನ 240 ಗೆರೆಯ ವ್ಯವಸ್ಥೆಗೂ ಮಾರ್ಕೋನಿ-ಇಎಂಐ ಕಂಪನಿಯ 405 ಗೆರೆಯ ವ್ಯವಸ್ಥೆಗೂ ಸರದಿಯ ಮೇಲೆ ಪರೀಕ್ಷೆ ನಡೆಯಿತು. ಕೆಲವೇ ತಿಂಗಳಲ್ಲಿ, 1937ರ ಶುರುವಿನಲ್ಲೇ, ಬೇರ್ಡ್ ಹೊರಬಿದ್ದ. ಪಾಪ ಅನ್ನಿಸುತ್ತದೆ. ಆದರೆ ಗೆದ್ದದ್ದು ಸರಿಯಾದದ್ದೇ.

ಗೆದ್ದದ್ದು ಪಿಕ್ಚರ್ ಟ್ಯೂಬ್. ಅಮೆರಿಕದಲ್ಲಿ ಫೈಲೋ ಫಾರ್ನ್ಸ್‌ವರ್ತ್ ಅನ್ನುವ ಹುಡುಗ 1927ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾವ ಚಕ್ರವೂ ಇಲ್ಲದೆ ಚಿತ್ರ ಕಳಿಸಿ ತೋರಿಸಿದ್ದ. ಆರ್‌ಸಿಎ ಕಂಪನಿಯಲ್ಲಿ ವ್ಲಾಡಿಮಿರ್ ಜ್ವೊರಿಕಿನ್ ಅದೇ ಹಾದಿಯಲ್ಲಿ ಬೇರೆ ಕ್ಯಾಮೆರಾ ಟ್ಯೂಬ್ ಮಾಡಿದ. ಇಬ್ಬರ ನಡುವೆ ಪೇಟೆಂಟ್ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ 1939ರಲ್ಲಿ ಆರ್‌ಸಿಎ ಫಾರ್ನ್ಸ್‌ವರ್ತ್‌ಗೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಡಾಲರ್ ಕೊಡಲು ಒಪ್ಪಿತು. ಅದೂ ಸೆಟ್ಟಿನ ಬೆಲೆಗೇ ಬಂದು ಸೇರುತ್ತದೆ, ಅಲ್ವಾ.

ಟ್ಯೂಬಿನ ಕೆಲಸ ಹೇಳುವುದಕ್ಕೆ ಸುಲಭ. ಹಿಂದಿನ ಸಣ್ಣ ಕುತ್ತಿಗೆಯಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಸಾವಿರಾರು ವೋಲ್ಟ್ ಅವನ್ನು ಮುಂದಕ್ಕೆ ಎಳೆಯುತ್ತದೆ. ಕುತ್ತಿಗೆಗೆ ಸುತ್ತಿದ ಕಾಯಿಲ್‌ಗಳು ಆ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸುತ್ತವೆ. ಮುಂದಿನ ಗಾಜಿನ ಒಳಮೈಗೆ ಬಳಿದ ಪುಡಿಗೆ ಅದು ತಾಗಿದ ಕಡೆ ಬೆಳಗುತ್ತದೆ. ತೂಕವೇ ಇಲ್ಲದ ಚಕ್ರ ಅನ್ನಿ. ಹೊಂದಿಸುವ ಕೆಲಸವನ್ನೂ ಈಗ ಕಳಿಸುವವರೇ ವಹಿಸಿಕೊಂಡರು. ಪ್ರತಿ ಗೆರೆ ಮುಗಿದಾಗಲೂ 'ಇಲ್ಲಿಗೆ ಗೆರೆ ಮುಗೀತು, ವಾಪಸ್ ಬಾ' ಅಂತ ಸಿಗ್ನಲ್ಲಿನಲ್ಲೇ ಒಂದು ಸಣ್ಣ ಪಲ್ಸ್ ಸೇರಿಸಿ ಕಳಿಸುತ್ತಾರೆ. ಸೆಟ್ಟು ಅದನ್ನು ಕೇಳಿಕೊಂಡು ನಡೆದರೆ ಸಾಕು. ಕಾಲ ಲೆಕ್ಕ ಹಾಕುವ ದುಬಾರಿ ಯಂತ್ರ ಊರಿಗೆ ಒಂದೇ, ಸ್ಟುಡಿಯೋದಲ್ಲಿ. ಮನೆಮನೆಯಲ್ಲೂ ಬೇಕಾಗಿಲ್ಲ.

ಹಾಗಾದರೆ ಅಗ್ಗ ಆಗಬೇಕಿತ್ತಲ್ಲ? ಆಗಲಿಲ್ಲ. ಯಾಕೆಂದರೆ ಈಗ ಗಾಜು ಬಂತು.

ಪಿಕ್ಚರ್ ಟ್ಯೂಬ್ ಒಳಗೆ ಗಾಳಿ ಇರಬಾರದು. ಪೂರ್ತಿ ಖಾಲಿ. ಹೊರಗಿನ ಗಾಳಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಲೆಕ್ಕದಲ್ಲಿ ಒತ್ತುತ್ತಾ ಇರುತ್ತದೆ. ನಮ್ಮ ಮನೆಗಳಿಗೆ ಬಂದ 20 ಇಂಚಿನ ಟಿವಿಯ ಮುಖ ಸುಮಾರು 40 ಸೆಂಟಿಮೀಟರ್ ಅಗಲ, 30 ಎತ್ತರ. ನೀವೇ ಗುಣಿಸಿ. ಒಂದು ಟನ್‌ಗಿಂತ ಜಾಸ್ತಿ ಭಾರ, ಹಗಲೂ ರಾತ್ರಿ, ಆ ಗಾಜಿನ ಮುಖದ ಮೇಲೆ. ಇದನ್ನು ತಡೆಯಲು ಗಾಜು ದಪ್ಪ ಇರಬೇಕು, ಉಬ್ಬಿರಬೇಕು, ಆದಷ್ಟೂ ದುಂಡಗಿರಬೇಕು. ಹಳೇ ಟಿವಿಗಳ ಪರದೆ ದುಂಡಗೆ ಇದ್ದದ್ದು ಚೆಂದಕ್ಕಲ್ಲ. ಒಂದು ಗುಳ್ಳೆ, ಒಂದು ಸಣ್ಣ ಬಿರುಕು ಇದ್ದರೂ ಟ್ಯೂಬ್ ಒಳಮುಖವಾಗಿ ಸಿಡಿಯುತ್ತದೆ. ಅದಕ್ಕೇ ಹಳೇ ಸೆಟ್ಟುಗಳಲ್ಲಿ ಟ್ಯೂಬಿನ ಮುಂದೆ ಇನ್ನೊಂದು ದಪ್ಪ ಗಾಜು ಕೂರಿಸುತ್ತಿದ್ದರು.

ಇನ್ನೊಂದು ತಲೆನೋವು ಉದ್ದ. ಆಗಿನ ಕಾಯಿಲ್‌ಗಳಿಗೆ ಕಿರಣವನ್ನು ಜಾಸ್ತಿ ಬಗ್ಗಿಸಲು ಆಗುತ್ತಿರಲಿಲ್ಲ. ಪರದೆ ಅಗಲ ಬೇಕು ಅಂದರೆ ಕುತ್ತಿಗೆ ಹಿಂದಕ್ಕೆ ಹೋಗಬೇಕು. 12 ಇಂಚಿನ ಟ್ಯೂಬನ್ನು ಅಡ್ಡ ಇಟ್ಟರೆ ಪೆಟ್ಟಿಗೆ ಗೋಡೆಯಿಂದ ಎದ್ದು ಕೋಣೆಯ ನಡುವಿಗೆ ಬರುತ್ತದೆ. ಅದಕ್ಕೊಂದು ಉಪಾಯ ಮಾಡಿದರು. ಟ್ಯೂಬನ್ನು ನೆಟ್ಟಗೆ ನಿಲ್ಲಿಸಿದರು, ಪರದೆ ಛಾವಣಿ ನೋಡುವಂತೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡಿ. ಮುಚ್ಚಳವನ್ನು ಓರೆಯಾಗಿ ಎತ್ತಿ ನಿಲ್ಲಿಸಿ, ಕನ್ನಡಿಯಲ್ಲಿ ಟಿವಿ ನೋಡುವುದು! ಆರ್‌ಸಿಎ 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಟಿಆರ್‌ಕೆ-12 ಅಂತ ಇಂಥದೇ ಸೆಟ್ಟು ತಂದಿತು. ಬೆಲೆ 600 ಡಾಲರ್. ಆಗ ಅಲ್ಲೂ ಒಂದು ಸಾದಾ ಹೊಸ ಕಾರಿಗೆ ಹತ್ತಿರ ಹತ್ತಿರ ಅಷ್ಟೇ. ಈ ಪೆಟ್ಟಿಗೆ ಒಳಗೆ ಏನೋ ಮೋಸ ಇದೆ ಅಂತ ಜನ ಅಂದುಕೊಳ್ಳಬಾರದು ಅಂತ ಮೇಳಕ್ಕಾಗಿ ಒಂದು ಸೆಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮೈ ಮಾಡಿಸಿದ್ದರು. ಮಾರಾಟಗಾರರ ಬುದ್ಧಿ ಆಗಲೂ ಚುರುಕೇ.

ಮೂರನೆಯದು ವೋಲ್ಟೇಜು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಸೋದರಮಾವ ತಿಪಟೂರಿನಲ್ಲಿ ರೇಡಿಯೋ ಟಿವಿ ರಿಪೇರಿ ಮಾಡುತ್ತಿದ್ದರು. ರಜೆಯಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಹಿಂದಿನ ಮುಚ್ಚಳ ತೆಗೆದ ತಕ್ಷಣ ಧೂಳು, ಸುಟ್ಟ ಮೇಣದ ವಾಸನೆ, ಒಂದೊಂದು ಸಲ ಹಲ್ಲಿ. ಪ್ಲಗ್ ಕಿತ್ತಿಟ್ಟ ಮೇಲೂ ಮಾವ ಟ್ಯೂಬ್ ಮುಟ್ಟುತ್ತಿರಲಿಲ್ಲ. ಉದ್ದನೆ ಸ್ಕ್ರೂಡ್ರೈವರಿಗೆ ಒಂದು ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಚಾಸಿಗೆ ಸಿಕ್ಕಿಸಿ, ಟ್ಯೂಬಿನ ಪಕ್ಕದಲ್ಲಿರುವ ಕೆಂಪು ರಬ್ಬರ್ ಟೋಪಿಯ ಕೆಳಗೆ ಮೆಲ್ಲಗೆ ತೂರಿಸುತ್ತಿದ್ದರು. ಚಟ್! ನೀಲಿ ಕಿಡಿ. 'ನೋಡ್ದೇನೋ, ನೆನ್ನೆ ಆಫ್ ಮಾಡಿದ್ದು ಕಣೋ ಇದು' ಅನ್ನುತ್ತಿದ್ದರು. ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ಕಪ್ಪು ಲೇಪ ಇರುತ್ತದೆ, ನಡುವೆ ಗಾಜು. ಹಾಗಾಗಿ ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್. ಕರೆಂಟ್ ತೆಗೆದರೂ ಚಾರ್ಜ್ ಹಿಡಿದುಕೊಂಡೇ ಇರುತ್ತದೆ. ಸೆಟ್ಟು ಆನ್ ಇಟ್ಟುಕೊಂಡು ಕೆಲಸ ಮಾಡುವಾಗ ಅವರ ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಶಾಕ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗುತ್ತದೆ. ಒಂದೇ ಕೈ ಆದರೆ ಬದುಕಿಕೊಳ್ಳಬಹುದು. ನನಗೂ ಅದೇ ಪಾಠ: 'ಒಂದ್ ಕೈ ಜೇಬಲ್ಲಿ ಇಟ್ಕೊಂಡು ಮಾತಾಡು.'

ಯುದ್ಧಕ್ಕೆ ಮುಂಚಿನ ಸೆಟ್ಟುಗಳು ಇದಕ್ಕಿಂತ ಭಯಂಕರ. ಆಗ ಹೈ ವೋಲ್ಟೇಜನ್ನು ನೇರ ಮನೆ ಕರೆಂಟಿನಿಂದಲೇ, ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿ ಏರಿಸುತ್ತಿದ್ದರು. ಅದು ಭಾರ, ದುಬಾರಿ, ಮುಟ್ಟಿದರೆ ಸೀದಾ ಸಾವು. ಆಮೇಲೆ ಯಾರಿಗೋ ಹೊಳೆದ ಉಪಾಯ ಇದೆಯಲ್ಲ, ಅದು ನನಗೆ ಇಡೀ ಟಿವಿಯಲ್ಲೇ ಇಷ್ಟದ ಭಾಗ. ಕಿರಣ ಒಂದು ಗೆರೆ ಎಳೆದು ಮುಗಿಸಿದ ಮೇಲೆ ಗಬಕ್ಕನೆ ವಾಪಸ್ ಎಡಕ್ಕೆ ಬರಬೇಕು. ಅಂದರೆ ಕಾಯಿಲ್‌ನಲ್ಲಿರುವ ಕರೆಂಟು ಒಮ್ಮೆಲೇ ಬೀಳಬೇಕು. ಹಾಗೆ ಬಿದ್ದಾಗ ಒಂದು ದೊಡ್ಡ ವೋಲ್ಟೇಜ್ ಏಳುತ್ತದೆ, ಬೇಡ ಅಂದರೂ. ಮೊದಲು ಅದೊಂದು ಕಾಟ, ಹೇಗಾದರೂ ಮಾಡಿ ಕೊಲ್ಲಬೇಕಾದ ವಸ್ತು. ಕೊಲ್ಲುವುದು ಯಾಕೆ, ಇನ್ನೊಂದಿಷ್ಟು ಸುತ್ತು ತಂತಿ ಸುತ್ತಿ ಅದನ್ನೇ ಮೇಲೇರಿಸಿ ಟ್ಯೂಬಿಗೆ ಕೊಟ್ಟರಾಯಿತಲ್ಲ! ಅದೇ ನಮ್ಮ ಮೆಕ್ಯಾನಿಕ್‌ಗಳು ಇ.ಎಚ್.ಟಿ. (ಎಕ್ಸ್‌ಟ್ರಾ ಹೈ ಟೆನ್ಶನ್, ಅಂದರೆ ತುಂಬಾ ಜಾಸ್ತಿ ವೋಲ್ಟೇಜ್) ಅಂತ ಕರೆಯುತ್ತಿದ್ದದ್ದು. ಸೆಕೆಂಡಿಗೆ ಹದಿನೈದು ಸಾವಿರಕ್ಕಿಂತ ಜಾಸ್ತಿ ಸಲ ಈ ಕೆಲಸ ನಡೆಯುವುದರಿಂದ ಟ್ರಾನ್ಸ್‌ಫಾರ್ಮರ್ ಅಂಗೈಯಷ್ಟಿದ್ದರೂ ಸಾಕು. ದೊಡ್ಡ ಟ್ರಾನ್ಸ್‌ಫಾರ್ಮರಿನ ಖರ್ಚು ಪೂರ್ತಿ ಉಳಿಯಿತು. ಶಾಕ್ ಹೊಡೆದರೂ ಹಿಂದಿನಷ್ಟು ಜೀವಕ್ಕೆ ಅಪಾಯ ಇಲ್ಲ. ನಮ್ಮಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ 15,625. ಚಿಕ್ಕ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಟಿವಿ ಆನ್ ಇದೆ ಅಂತ, ಸೌಂಡ್ ಪೂರ್ತಿ ಕಡಿಮೆ ಮಾಡಿದ್ದರೂ ಗೊತ್ತಾಗುತ್ತಿತ್ತು ನೆನಪಿದೆಯಾ? ಸೂಜಿಯಂಥ ಕುಯ್ ಸದ್ದು. ಅದು ಇದರದ್ದೇ. ದೊಡ್ಡವರಿಗೆ ಅಷ್ಟು ಕೀರಲು ಕೇಳುವುದಿಲ್ಲ, ಅದಕ್ಕೇ ನಂಬುತ್ತಿರಲಿಲ್ಲ.

1946ರಲ್ಲಿ ಆರ್‌ಸಿಎಯ 630-ಟಿಎಸ್ ಬಂತು. 10 ಇಂಚು, 30 ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮೊದಲು ಅದರ ಕೆಲಸ ಮಾಡುತ್ತಿದ್ದ ಗಾಜಿನ ಕೊಳವೆ), ಸುಮಾರು 375 ಡಾಲರ್. ಅಗ್ಗ ಅಲ್ಲವೇ ಅಲ್ಲ, ಆದರೆ ಇದರೊಳಗೆ ಆ ಹೊಸ ಇ.ಎಚ್.ಟಿ. ಉಪಾಯ ಇತ್ತು. ಇದರ ಸರ್ಕ್ಯೂಟನ್ನು ಬೇರೆ ಕಂಪನಿಗಳೂ ಲೈಸೆನ್ಸ್ ಪಡೆದು ಮಾಡಿದವು. ಆಮೇಲೆ ಬೆಲೆ ಜಗಳ ಶುರು. 1940ರ ದಶಕದ ಕೊನೆಯಲ್ಲಿ ಪೈಲಟ್ ಅನ್ನುವ ಕಂಪನಿ ನೂರು ಡಾಲರಿಗೆ ಐವತ್ತು ಸೆಂಟ್ ಕಡಿಮೆ ಇಟ್ಟು ಒಂದು ಸೆಟ್ಟು ಬಿಟ್ಟಿತು. ಹೇಗೆ ಸಾಧ್ಯ? ಪರದೆ ಮೂರೇ ಇಂಚು. ಗಾಜು ಕಡಿಮೆ ಮಾಡಿದರೆ ಬೆಲೆ ತಾನಾಗಿ ಇಳಿಯಿತು. ಕಾಣಿಸುವುದಿಲ್ಲ ಅನ್ನುವವರಿಗೆ ಮುಂದೆ ಇಡುವ ಭೂತಗನ್ನಡಿ ಬೇರೆ ಮಾರಾಟಕ್ಕಿತ್ತು. ಇಂಥ ಲೆನ್ಸುಗಳಲ್ಲಿ ಕೆಲವು ಟೊಳ್ಳು ಪ್ಲಾಸ್ಟಿಕ್ಕಿನವು, ಒಳಗೆ ಎಣ್ಣೆ ತುಂಬಿದ್ದು. ಎದುರಿಗೆ ಕೂತವನಿಗೆ ದೊಡ್ಡ ಚಿತ್ರ, ಪಕ್ಕದಲ್ಲಿ ಕೂತವನಿಗೆ ಸೊಟ್ಟ ಮುಖ.

ಗಾಜು ತಪ್ಪಿಸಲು ಇನ್ನೂ ಏನೇನೋ ಮಾಡಿದರು. 16 ಇಂಚಿನ ಟ್ಯೂಬಿಗೆ ಮುಖ ಮಾತ್ರ ಗಾಜು, ಹಿಂದಿನ ಆಲಿಕೆಯ ಭಾಗ ಪೂರ್ತಿ ಲೋಹ. ಅಗ್ಗ ಆಯಿತು, ಹಗುರ ಆಯಿತು. ಆದರೆ ಆ ಲೋಹದ ಮೈ ಮೇಲೆಲ್ಲ ಸಾವಿರಾರು ವೋಲ್ಟ್ ಓಡುತ್ತಿತ್ತು! ಪ್ಲಾಸ್ಟಿಕ್ ಹೊದಿಕೆ ಮುಚ್ಚಿ ಮಾರಿದರು. ಒಳಗೆ ಕೈ ಹಾಕಿದ ಮೆಕ್ಯಾನಿಕ್‌ಗಳ ಕತೆ ಕೇಳುವುದೇ ಬೇಡ.

ಅಮೆರಿಕದ ಕಲರ್ ಟಿವಿ ಬಗ್ಗೆ ಒಂದೇ ಮಾತು. 1954ರಲ್ಲಿ ಆರ್‌ಸಿಎ ಸಿಟಿ-100 ಸಾವಿರ ಡಾಲರಿಗೆ ಬಂತು, 15 ಇಂಚು. ಟ್ಯೂಬಿನೊಳಗೆ ಲಕ್ಷಗಟ್ಟಲೆ ತೂತಿನ ತಗಡು, ಮೂರು ಕಿರಣ, ಮೂರು ಬಣ್ಣದ ಚುಕ್ಕಿ. ಹೊರಟ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನ ಪಾಲು ಆ ತಗಡಿಗೇ ಬಡಿದು ವ್ಯರ್ಥ. ಅದೇ ವರ್ಷ ಬೆಲೆಯನ್ನು 495 ಡಾಲರಿಗೆ ಇಳಿಸಬೇಕಾಯಿತು. ಮಾಡುವ ಖರ್ಚು ಅರ್ಧ ಆಗಿರಲಿಲ್ಲ, ಕೊಳ್ಳುವವರು ಇರಲಿಲ್ಲ ಅಷ್ಟೇ.

ಇನ್ನು ನಮ್ಮ ಕಡೆಗೆ ಬರೋಣ.

ಭಾರತದಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಯುನೆಸ್ಕೋ ನೆರವಿನಿಂದ. ಸೆಟ್ಟುಗಳನ್ನು ಮನೆಗೆ ಕೊಡಲಿಲ್ಲ, ಊರ ಮಂದಿ ಸೇರಿ ನೋಡುವ ಟೆಲಿ ಕ್ಲಬ್‌ಗಳಲ್ಲಿ ಇಟ್ಟರು. ಮುಂಬೈಗೆ ಬರಲು 1972 ಆಯಿತು. ಮದ್ರಾಸಿಗೆ 1975. ನಮ್ಮ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ತಮಾಷೆ ಏನೆಂದರೆ ಟಿವಿ ಇಲ್ಲದ ಬೆಂಗಳೂರಿನಲ್ಲೇ, ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ, 70ರ ದಶಕದ ಶುರುವಿನಿಂದಲೇ ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು. 60ರ ದಶಕದ ಶುರುವಿನಲ್ಲೇ ಅಲ್ಲಿ ವಾಲ್ವುಗಳೂ ಟ್ರಾನ್ಸಿಸ್ಟರುಗಳೂ ತಯಾರಾಗಲು ಶುರುವಾಗಿತ್ತು. ಟ್ಯೂಬ್ ಮಾಡುವ ಕೈಗಳು ಇಲ್ಲಿ, ನೋಡುವ ಕಣ್ಣುಗಳು ಬೇರೆ ಊರಲ್ಲಿ.

ಅದಕ್ಕಿಂತ ದೊಡ್ಡ ತಮಾಷೆ ಉತ್ತರ ಕರ್ನಾಟಕದ್ದು. 1975ರ ಆಗಸ್ಟ್ 1ರಂದು, ಬೆಂಗಳೂರಿಗೆ ಟಿವಿ ಬರುವ ಆರು ವರ್ಷ ಮೊದಲು, ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿವಿ ನೋಡಿದರು. ಅದೂ ಸ್ಯಾಟಲೈಟಿಂದ ನೇರ! ಸೈಟ್ (ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್) ಅಂತ ಆ ಯೋಜನೆಯ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಸ್ಯಾಟಲೈಟು ನಾಸಾದ್ದು, ಎಟಿಎಸ್-6. ಕಾರ್ಯಕ್ರಮ ಮತ್ತು ನೆಲದ ಮೇಲಿನ ವ್ಯವಸ್ಥೆ ನಮ್ಮದು. ಸೆಟ್ಟು ಮಾಡಿದ್ದು ಹೈದರಾಬಾದಿನ ಇಸಿಐಎಲ್ ಅನ್ನುವ ಸರ್ಕಾರಿ ಕಂಪನಿ. ಒಂದು ಚಿತ್ರದ ಜೊತೆ ಎರಡು ಭಾಷೆಯ ಸೌಂಡ್ ಕಳಿಸುವ ಅನುಕೂಲವೂ ಇತ್ತು.

ನಾನು ಮೇಲೆ ಹೇಳಿದ ಭಾರ ದಾಟಿಸುವ ಲೆಕ್ಕ ಇಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಆ ಕಾಲದ ಮಾಮೂಲಿ ಸ್ಯಾಟಲೈಟ್ ಸಿಗ್ನಲ್ ಹಿಡಿಯಲು ನೆಲದ ಮೇಲೆ ಕಟ್ಟಡದಷ್ಟು ದೊಡ್ಡ ಡಿಶ್ ಬೇಕಿತ್ತು. ಎಟಿಎಸ್-6 ಮೇಲೇ, ಆಕಾಶದಲ್ಲೇ, 30 ಅಡಿಯ ಡಿಶ್ಶನ್ನು ಕೊಡೆ ಥರ ಬಿಚ್ಚಿಕೊಂಡು ನಿಂತಿತು. ಅಷ್ಟು ಗಟ್ಟಿಯಾಗಿ ಸಿಗ್ನಲ್ ಸುರಿದದ್ದರಿಂದ ಕೆಳಗೆ ಹಳ್ಳಿಯ ಶಾಲೆ ಅಥವಾ ಪಂಚಾಯ್ತಿ ಕಟ್ಟಡದ ಮೇಲೆ 10 ಅಡಿಯ, ಕೋಳಿ ಗೂಡಿಗೆ ಹಾಕುತ್ತಾರಲ್ಲ ಅಂಥ ತಂತಿ ಜಾಲರಿಯ ಡಿಶ್ಶೇ ಸಾಕಾಯಿತು. ಗಾಳಿ ಅದರೊಳಗಿಂದ ಹಾದು ಹೋಗುತ್ತದೆ, ಸಾಗಿಸುವುದು ಸುಲಭ, ಹಾಳಾದರೆ ಊರಲ್ಲೇ ಸರಿ ಮಾಡಬಹುದು. ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಸೆಟ್ಟು ಬ್ಯಾಟರಿ ಮೇಲೆ ಓಡಿತು. ಸ್ಯಾಟಲೈಟಿಗೆ ಸುರಿದ ದುಡ್ಡೆಷ್ಟೋ, ಅದು ಬೇರೆ ದೇಶದ ಲೆಕ್ಕ. ಹಳ್ಳಿಯವರ ಜೇಬಿಂದ ಒಂದು ಪೈಸೆ ಹೋಗಲಿಲ್ಲ. ಒಂದು ವರ್ಷ ಆಯಿತು, 1976ರ ಜುಲೈ 31ಕ್ಕೆ ಮುಗಿಯಿತು. ಎಟಿಎಸ್-6 ಅವರದ್ದು, ವಾಪಸ್ ಸರಿಸಿಕೊಂಡು ಹೋದರು. ಹೊರೆ ಬೇರೆಯವರ ಹೆಗಲ ಮೇಲಿದ್ದರೆ ಹಿಂಗೇ. ಅವರು ಎದ್ದು ಹೋದ ದಿನ ನಿಮ್ಮ ಪೆಟ್ಟಿಗೆ ಬರೀ ಪೆಟ್ಟಿಗೆ. 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಹಾಕಿದ ಮೇಲೆ ಆ ಭಾಗದ ಕೆಲವು ಊರಿಗೆ ಮತ್ತೆ ಚಿತ್ರ ಬಂತು.

ಈ ಕಡೆ ಹಳೇ ಮೈಸೂರು ಭಾಗದಲ್ಲಿ ನಡೆದದ್ದು ಪೂರ್ತಿ ಉಲ್ಟಾ. ಇಲ್ಲಿ ಎಲ್ಲ ಹೊರೆಯೂ ಮನೆ ಯಜಮಾನನದ್ದೇ. 80ರ ದಶಕದ ಶುರುವಿನಲ್ಲಿ 20 ಇಂಚಿನ ಬ್ಲ್ಯಾಕ್ ಅಂಡ್ ವೈಟ್ ಟಿವಿಗೆ ಮೂರು ಸಾವಿರದ ಆಸುಪಾಸು. ಡಯನೋರಾ, ಸಾಲಿಡೇರ್, ಇಸಿ, ಕ್ರೌನ್, ವೆಸ್ಟನ್, ಕೆಲ್ಟ್ರಾನ್, ನೆನಪಿಗೆ ಬರುತ್ತಿದೆಯಾ ಹೆಸರುಗಳು? ಮರದ ಮೈ, ನಾಲ್ಕು ಕಾಲು, ಮುಂದೆ ಎಳೆದು ಮುಚ್ಚುವ ಷಟರ್, ಅದಕ್ಕೆ ಬೀಗ. ಆಗ ಹತ್ತು ಗ್ರಾಂ ಚಿನ್ನ 1,600 ರೂಪಾಯಿ ಹತ್ತಿರ. ಹೆಚ್ಚುಕಡಿಮೆ ಇಪ್ಪತ್ತು ಗ್ರಾಂ ಚಿನ್ನ ಒಂದು ಟಿವಿಗೆ. ಇವತ್ತಿನ ಚಿನ್ನದ ರೇಟಿಗೆ ಲೆಕ್ಕ ಹಾಕಿ ನೋಡಿ, ಎದೆ ಧಸಕ್ ಅನ್ನುತ್ತದೆ. ಮಗಳ ಮದುವೆಗೆ ಅಂತ ಇಟ್ಟ ದುಡ್ಡು ಟಿವಿಗೆ ಹೋಯಿತು ಅಂತ ಜಗಳವಾದ ಮನೆಗಳು ನನಗೆ ಗೊತ್ತು.

ಅಲ್ಲಿಗೆ ಮುಗಿಯಿತಾ? ಎಲ್ಲಿ! ಮೊದಲು ಆಂಟೆನಾ. ಅಲ್ಯೂಮಿನಿಯಂ ಕಡ್ಡಿಗಳು, ಅದಕ್ಕೆ ಜಿ.ಐ. ಪೈಪು, ಪೈಪು ಬೀಳದಂತೆ ನಾಲ್ಕು ಕಡೆ ಎಳೆದು ಕಟ್ಟಿದ ತಂತಿ. ಊರು ದೂರ ಇದ್ದಷ್ಟೂ ಪೈಪು ಉದ್ದ. ಸಿಗ್ನಲ್ ಸಾಲದಿದ್ದರೆ ಬೂಸ್ಟರ್. ಬೆಂಗಳೂರಿನಲ್ಲಿ ಕೇಂದ್ರ ಬರುವ ಮೊದಲೇ ಟಿವಿ ತಂದ ಕೆಲವು ಹುಚ್ಚರು ಮದ್ರಾಸ್ ಹಿಡಿಯಲು ಮನೆಗಿಂತ ಎತ್ತರದ ಪೈಪು ನೆಟ್ಟಿದ್ದರಂತೆ. ಮಾವ ಹೇಳುತ್ತಿದ್ದರು, 'ಚಿತ್ರಕ್ಕಿಂತ ಮಳೆನೇ ಜಾಸ್ತಿ ಕಾಣ್ತಿತ್ತು ಕಣೋ, ಆದ್ರೂ ಊರೆಲ್ಲ ಕೂತು ನೋಡ್ತಿದ್ರು.' ಆಂಟೆನಾ ಮೇಲೆ ಕಾಗೆ ಕೂತರೆ, ಗಾಳಿಗೆ ತಿರುಗಿದರೆ ಒಬ್ಬ ಮಹಡಿ ಹತ್ತಬೇಕು. ಕೆಳಗಿಂದ ಇನ್ನೊಬ್ಬ ಕೂಗಬೇಕು, 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಅಯ್ಯೋ ಹೋಯ್ತು, ವಾಪಸ್ ತಿರುಗಿಸು!'

ಆಮೇಲೆ ಸ್ಟೆಬಿಲೈಸರ್. ಸಂಜೆ ವೋಲ್ಟೇಜ್ ಇಳಿದರೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಕಪ್ಪು ಅಂಚು ಬರುತ್ತಿತ್ತು. ಅದಕ್ಕೊಂದು ಭಾರದ ಪೆಟ್ಟಿಗೆ, ಒಳಗೆ ರಿಲೇ ಟಕ್ ಟಕ್. ಆಮೇಲೆ ಲೈಸೆನ್ಸ್. ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೆ 50 ರೂಪಾಯಿ ಕಟ್ಟಿ ಪುಸ್ತಕಕ್ಕೆ ಸೀಲು ಹಾಕಿಸಿಕೊಳ್ಳಬೇಕು, ರೇಡಿಯೋಗೆ 15. 80ರ ದಶಕದ ನಡುವೆ ಅದನ್ನು ತೆಗೆದರು. ಮತ್ತೆ ರಿಪೇರಿ. ಹಳೇ ಸೆಟ್ಟುಗಳು ಅರ್ಧ ವಾಲ್ವ್, ಅರ್ಧ ಟ್ರಾನ್ಸಿಸ್ಟರ್. ವಾಲ್ವ್ ಕಾಯಬೇಕು, ಕಾದಷ್ಟೂ ಸುತ್ತಲಿನ ಪಾರ್ಟ್ಸ್ ಹಾಳು. ಕೊನೆಗೆ ಟ್ಯೂಬೇ ಮಂಕಾಗುತ್ತದೆ. ಹೊಸ ಟ್ಯೂಬ್ ಹಾಕಿಸುವ ಬದಲು ಹೀಟರಿಗೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಕೊಟ್ಟು ಇನ್ನೊಂದಿಷ್ಟು ದಿನ ಓಡಿಸುವ ಉಪಾಯ ಮಾವನ ಕೈಯಲ್ಲಿತ್ತು. ಗಿರಾಕಿಗಳಿಗೆ ಮುಂಚೆಯೇ ಹೇಳಿಬಿಡುತ್ತಿದ್ದರು, 'ಇದು ಔಷಧಿ ಅಲ್ಲ ಸ್ವಾಮಿ, ಗ್ಲೂಕೋಸು' ಅಂತ.

ಕಲರ್ ಬಂದದ್ದು 1982ರ ಆಗಸ್ಟ್ 15ರಂದು. ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಗೇಮ್ಸ್. ಸರ್ಕಾರ 50,000 ಕಲರ್ ಸೆಟ್ಟುಗಳ ಆಮದಿಗೆ ಅವಕಾಶ ಕೊಟ್ಟಿತು. ಬೆಲೆ ಎಂಟು ಸಾವಿರದಿಂದ ಹದಿನೈದು ಸಾವಿರ. ಅಷ್ಟು ಶಕ್ತಿ ಇಲ್ಲದವರಿಗೆ ನಮ್ಮ ಪೇಟೆಯಲ್ಲಿ ಇನ್ನೊಂದು ಕಲರ್ ಟಿವಿ ಸಿಗುತ್ತಿತ್ತು. ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು ಬಳಿದ ಪ್ಲಾಸ್ಟಿಕ್ ಹಾಳೆ. ಪರದೆ ಮುಂದೆ ಕಟ್ಟಿಕೊಂಡರೆ ಆಕಾಶ, ಹೊಲ ಎರಡೂ ಸರಿ. ಸುದ್ದಿ ಓದುವವರ ಕೂದಲು ಮಾತ್ರ ನೀಲಿ. ನಗಬೇಡಿ, ಹಸಿರು ಗಲ್ಲದ ಮಂತ್ರಿಗಳನ್ನು ನೋಡಿಕೊಂಡೇ ಬೆಳೆದವರು ನಾವು.

1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 1984ರಲ್ಲಿ ಸಣ್ಣ ಟ್ರಾನ್ಸ್‌ಮಿಟರುಗಳನ್ನು ದಿನಕ್ಕೊಂದರಂತೆ ಹಾಕುತ್ತಿದ್ದಾರೆ ಅನ್ನುವ ಮಾತು ಬಂತು. ಆಗ ನಮ್ಮಂಥ ಊರುಗಳಿಗೂ ಹೊರೆ ಇಳಿಯಿತು. ಟವರೇ ಪಕ್ಕದಲ್ಲಿದ್ದ ಮೇಲೆ ಎತ್ತರದ ಪೈಪು ಯಾಕೆ, ಬೂಸ್ಟರ್ ಯಾಕೆ? 14 ಇಂಚಿನ ಪೋರ್ಟಬಲ್ ಸೆಟ್ಟು, ತಲೆ ಮೇಲೆ ಎಳೆದು ಉದ್ದ ಮಾಡುವ ಎರಡು ಕಡ್ಡಿ. ಪೂರ್ತಿ ಟ್ರಾನ್ಸಿಸ್ಟರ್, ಐಸಿ. ಗಾಜೂ ಕಡಿಮೆ. ಕಂತಿನ ಮೇಲೆ ಮೇಷ್ಟರ ಮನೆಗೂ, ಗುಮಾಸ್ತರ ಮನೆಗೂ ಬಂತು. ಷಟರಿನ ಬೀಗ ಕಾಣೆಯಾಯಿತು, ಯಾಕೆಂದರೆ ಪಕ್ಕದ ಮನೆಯವರು ಬರುವುದೇ ನಿಂತಿತ್ತು.

ಈಗಿನ ಟಿವಿಯಲ್ಲೂ ಬೆಲೆಯ ದೊಡ್ಡ ಪಾಲು ಮುಂದಿನ ಪ್ಯಾನೆಲ್ಲಿನದೇ. ಅದು ಒಡೆದರೆ ರಿಪೇರಿಯವರು ಹೊಸದೇ ತಗೊಳ್ಳಿ ಅನ್ನುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ನನಗೆ ಹೇಳಬೇಕಾಗಿರುವುದು ಹಳೇ ಸೆಟ್ಟು ಅಟ್ಟದ ಮೇಲೆ ಇಟ್ಟುಕೊಂಡವರಿಗೆ. ಹತ್ತಿಪ್ಪತ್ತು ವರ್ಷ ಸುಮ್ನೆ ಬಿದ್ದಿದ್ದ ಸೆಟ್ಟನ್ನು ನೇರ ಪ್ಲಗ್ಗಿಗೆ ಸಿಕ್ಕಿಸಬೇಡಿ, ಕೆಪಾಸಿಟರುಗಳು ಒಣಗಿರುತ್ತವೆ, ಸಿಡಿಯಬಹುದು. ಗುಜರಿಯವನು ತಾಮ್ರಕ್ಕಾಗಿ ಟ್ಯೂಬಿನ ಕುತ್ತಿಗೆ ಮುರಿಯಲು ಹೋದರೆ ತಡೆಯಿರಿ. ಗಾಜಿನಲ್ಲಿ ಸೀಸ ಇರುತ್ತದೆ, ಒಳಗಿನ ಪುಡಿ ಮೂಗಿಗೆ ಹೋಗಬಾರದು. ಇ-ವೇಸ್ಟ್ ತಗೊಳ್ಳುವವರಿಗೆ ಇಡೀ ಪೆಟ್ಟಿಗೆಯನ್ನೇ ಕೊಡಿ. ಬಿಚ್ಚಿ ನೋಡಲೇಬೇಕು ಅನ್ನುವ ಆಸೆ ಇದ್ದರೆ ಗೊತ್ತಿರುವ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಆ ಕೆಂಪು ರಬ್ಬರ್ ಟೋಪಿಯ ತಂಟೆಗೆ ಮಾತ್ರ ನೀವು ಹೋಗಬೇಡಿ.